ಗುರುವಿನ ಸಿನಿಮಾ, ನಮ್ಮೂರಿನ ಕಥೆ

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಿಂದ ಶಿವನಸಮುದ್ರದ ದಾರಿ ಹಿಡಿದು ಹೊಳೆ ದಾಟಿದರೆ ಕೊಳ್ಳೇಗಾಲದ ಸೀಮೆ. 1977ರಲ್ಲಿ ತೆರೆಕಂಡು ತಮಿಳು ಚಿತ್ರರಂಗದ ದಿಕ್ಕನ್ನೇ ಬದಲಿಸಿದ ‘16 ವಯದಿನಿಲೆ’ ಚಿತ್ರದ ಹೆಚ್ಚಿನ ಭಾಗ ಚಿತ್ರೀಕರಣಗೊಂಡದ್ದು ಕೊಳ್ಳೇಗಾಲ ಮತ್ತು ಮೈಸೂರಿನ ಕಡೆ. ಅದು ನಿರ್ದೇಶಕ ಭಾರತಿರಾಜ ಅವರ ಮೊದಲ ಚಿತ್ರ. ಸ್ಟುಡಿಯೊದ ಸೆಟ್ಟು ಬಿಟ್ಟು ಹಳ್ಳಿಯ ಬೀದಿಗೇ ಕ್ಯಾಮೆರಾ ತಂದ ಅವರು ಕಸುಬು ಕಲಿತದ್ದು ನಮ್ಮ ಪುಟ್ಟಣ್ಣ ಕಣಗಾಲ್ ಅವರ ಬಳಿ, ಸಹಾಯಕ ನಿರ್ದೇಶಕರಾಗಿ.

ಪುಟ್ಟಣ್ಣನವರಾದರೂ ಒಮ್ಮೆಲೇ ನಿರ್ದೇಶಕರಾದವರಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲ್‌ನಿಂದ ಬಂದ ಅವರು ಬಿ.ಆರ್. ಪಂತುಲು ಅವರ ಕೈಕೆಳಗೆ ದುಡಿದು ಕಲಿತರು. ಭಾರತಿರಾಜ ಅವರ ಬಳಿ ಮುಂದೆ ಭಾಗ್ಯರಾಜ್ ಪಳಗಿದರು. ಕೆ. ಬಾಲಚಂದರ್ ಪುಟ್ಟಣ್ಣನವರ ಸೆಟ್ಟಿನಲ್ಲಿ ಕೆಲಸ ಮಾಡದಿದ್ದರೂ ಅವರನ್ನು ಗುರುವೆಂದೇ ಗೌರವಿಸಿದರು. ಅಂದರೆ ಸಿನಿಮಾ ಕಲಿಯಲು ಎರಡು ದಾರಿಗಳಿವೆ. ಒಂದು, ಗುರುವಿನ ಪಕ್ಕದಲ್ಲಿ ನಿಂತು ಕಲಿಯುವುದು. ಇನ್ನೊಂದು, ಅವರ ಕೆಲಸವನ್ನು ದೂರದಿಂದ ಕಣ್ಣಿಟ್ಟು ನೋಡಿ ಕಲಿಯುವುದು. ಎರಡನೆಯದಕ್ಕೆ ಚೆನ್ನೈ, ಬೆಂಗಳೂರಿಗೆ ಹೋಗಲೇಬೇಕೆಂದಿಲ್ಲ. ಅದು ಬೆಳಕವಾಡಿಯ ಹುಡುಗ ಹುಡುಗಿಯರಿಗೂ ತೆರೆದಿದೆ.

ಈ ಸೀಮೆಗೆ ಗುರುಪರಂಪರೆ ಹೊಸದಲ್ಲ. ಊರಿನ ಹೆಸರನ್ನು ಸಂಗೀತಲೋಕಕ್ಕೆ ಒಯ್ದವರು ಮೈಸೂರಿನ ಆಸ್ಥಾನ ವಿದ್ವಾಂಸ ಬೆಳಕವಾಡಿ ಶ್ರೀನಿವಾಸ ಅಯ್ಯಂಗಾರ್. ಇದೇ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿ ಮಠವಿದೆ. ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಕಥೆಯನ್ನು ಎಲ್ಲಿ ಎಳೆಯಬೇಕು, ಎಲ್ಲಿ ತಟ್ಟನೆ ಮುಗಿಸಬೇಕು ಎಂಬುದು ಅಲ್ಲಿ ಹಿಮ್ಮೇಳದಲ್ಲಿ ಕೂತು ಸೊಲ್ಲು ಹಿಡಿಯುತ್ತಲೇ ಕಿವಿಗೆ ಹತ್ತುವ ವಿದ್ಯೆ. ಸಿನಿಮಾದ ಸಂಕಲನಕಾರ ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸವನ್ನು.

ನೋಡುವುದೇ ಪಾಠ

ಇವತ್ತು ಕ್ಯಾಮೆರಾಕ್ಕೆ ಬರವಿಲ್ಲ. ಮದ್ದೂರು, ಮಳವಳ್ಳಿಯ ಯಾವ ಕಾಲೇಜಿಗೆ ಹೋದರೂ ಮೊಬೈಲಿನಲ್ಲಿ ಕಿರುಚಿತ್ರ ಮಾಡುವ ಉತ್ಸಾಹಿಗಳು ಸಿಗುತ್ತಾರೆ. ಕೊರತೆ ಇರುವುದು ತಾಳ್ಮೆಯ ನೋಟಕ್ಕೆ. ಮೆಚ್ಚಿದ ನಿರ್ದೇಶಕರ ಒಂದು ಚಿತ್ರವನ್ನು ಹಲವು ಸಲ ನೋಡಬೇಕು. ಮೊದಲ ಸಲ ಪ್ರೇಕ್ಷಕರಾಗಿ ನೋಡಿ, ನಗು ಬಂದರೆ ನಗಿ, ಅಳು ಬಂದರೆ ಅಳಿ. ಎರಡನೇ ಸಲ ಸದ್ದು ನಿಲ್ಲಿಸಿ ನೋಡಿ. ಪಾತ್ರ ಎಲ್ಲಿಂದ ಬಂತು, ಕ್ಯಾಮೆರಾ ಯಾವಾಗ ಹತ್ತಿರ ಹೋಯಿತು, ಒಂದು ಶಾಟ್ ಎಷ್ಟು ಹೊತ್ತು ನಿಂತಿತು ಎಂಬುದು ಆಗ ಎದ್ದು ಕಾಣುತ್ತದೆ. ಮೂರನೇ ಸಲ ಕಣ್ಣು ಮುಚ್ಚಿ ಬರೀ ಸದ್ದು ಕೇಳಿ. ಆಮೇಲೆ ಮನಸ್ಸಿಗೆ ನಾಟಿದ ಒಂದೇ ಒಂದು ದೃಶ್ಯವನ್ನು ಶಾಟ್ ಶಾಟಾಗಿ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಪುಟ್ಟಣ್ಣನವರ ಚಿತ್ರಗಳು ಇದಕ್ಕೆ ಹೇಳಿಮಾಡಿಸಿದಂತಿವೆ, ಏಕೆಂದರೆ ಅವುಗಳಲ್ಲಿ ಅನೇಕಕ್ಕೆ ಮೂಲ ಕಾದಂಬರಿ ಸಿಗುತ್ತದೆ. ‘ಬೆಳ್ಳಿಮೋಡ’ (1967) ಮತ್ತು ‘ಶರಪಂಜರ’ (1971) ತ್ರಿವೇಣಿಯವರವು, ‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ ಅವರದು, ‘ಎಡಕಲ್ಲು ಗುಡ್ಡದ ಮೇಲೆ’ (1973) ಭಾರತೀಸುತರದು. ಕಾದಂಬರಿ ಓದಿ ಚಿತ್ರ ನೋಡಿದರೆ ನಿರ್ದೇಶಕ ಏನನ್ನು ಬಿಟ್ಟ, ಏನನ್ನು ಸೇರಿಸಿದ, ಪುಟಗಟ್ಟಲೆ ಇದ್ದ ಮನಸ್ಸಿನ ತಳಮಳವನ್ನು ಒಂದು ಮುಖಭಾವಕ್ಕೆ ಹೇಗೆ ಇಳಿಸಿದ ಎಂಬುದು ತಿಳಿಯುತ್ತದೆ. ಚಿತ್ರಕಥೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಪಠ್ಯ ನನಗೆ ಗೊತ್ತಿಲ್ಲ. ಮುಖಗಳನ್ನು ಗುರುತಿಸುವ ಅವರ ಕಣ್ಣಂತೂ ಮಂಡ್ಯ ಸೀಮೆಗೆ ಚಿರಪರಿಚಿತ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ 1972ರ ‘ನಾಗರಹಾವು’ ಚಿತ್ರದಲ್ಲಿ ಜಲೀಲನಾದರು. ಪಾತ್ರ ಚಿಕ್ಕದು, ಆದರೆ ಜನ ಅದನ್ನು ಮರೆಯಲಿಲ್ಲ.

ದೂರದ ಗುರು, ಹತ್ತಿರದ ಊರು

ದೂರದಿಂದ ಕಲಿತವರಲ್ಲಿ ದೊಡ್ಡ ಹೆಸರು ಸತ್ಯಜಿತ್ ರಾಯ್. 1949ರಲ್ಲಿ ಫ್ರಾನ್ಸಿನ ಜ್ಯಾನ್ ರೆನ್ವಾರ್ ‘ದಿ ರಿವರ್’ ಚಿತ್ರಕ್ಕೆ ಜಾಗ ಹುಡುಕಲು ಬಂಗಾಳಕ್ಕೆ ಬಂದಾಗ ರಾಯ್ ಆ ನಿರ್ದೇಶಕರ ಜೊತೆ ತಿರುಗಿದರು. ಮರುವರ್ಷ ಲಂಡನ್ನಿನಲ್ಲಿ ಇಟಲಿಯ ‘ಬೈಸಿಕಲ್ ಥೀವ್ಸ್’ ನೋಡಿದರು. ನಿಜವಾದ ಬೀದಿಯಲ್ಲಿ, ಹೊಸ ಮುಖಗಳನ್ನಿಟ್ಟುಕೊಂಡು ಚಿತ್ರ ಮಾಡಬಹುದೆಂಬ ಧೈರ್ಯ ಅವರಿಗೆ ಬಂದದ್ದು ಅಲ್ಲಿ. ಆದರೆ 1955ರಲ್ಲಿ ತೆರೆಗೆ ಬಂದ ‘ಪಥೇರ್ ಪಾಂಚಾಲಿ’ಯಲ್ಲಿ ರೋಮ್ ನಗರದ ನೆರಳಿಲ್ಲ. ಅದು ಅಪ್ಪಟ ಬಂಗಾಳದ ಹಳ್ಳಿ.

ನಮ್ಮಲ್ಲಿ ಗಿರೀಶ್ ಕಾಸರವಳ್ಳಿ ಅವರದೂ ಇಂಥದೇ ನಡೆ. ಔಷಧಶಾಸ್ತ್ರ ಓದಿದ್ದ ಅವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿ ಜಗತ್ತಿನ ಮಹಾ ನಿರ್ದೇಶಕರ ಚಿತ್ರಗಳನ್ನು ನೋಡಿದರು. ‘ಚೋಮನ ದುಡಿ’ಯಲ್ಲಿ ಬಿ.ವಿ. ಕಾರಂತರಿಗೆ ಸಹಾಯಕರಾದರು. ಇಷ್ಟೆಲ್ಲ ಕಲಿತು 1977ರಲ್ಲಿ ಮಾಡಿದ ‘ಘಟಶ್ರಾದ್ಧ’ದಲ್ಲಿ ಕಂಡದ್ದು ಮಲೆನಾಡಿನ ಅಗ್ರಹಾರ, ಅದೂ ಒಬ್ಬ ಪುಟ್ಟ ಹುಡುಗನ ಕಣ್ಣಿಂದ. ಚಿತ್ರಕ್ಕೆ ಸ್ವರ್ಣಕಮಲ ಬಂತು. 2024ರಲ್ಲಿ ಅದರ ಪುನರುಜ್ಜೀವಿತ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು.

ದೂರದಲ್ಲಿ ಕಲಿತು ಊರಿನ ಕಥೆ ಹೇಳಬಹುದೆಂಬುದಕ್ಕೆ ಮಂಡ್ಯ ಜಿಲ್ಲೆಯ ಮನೆಯಂಗಳದಲ್ಲೇ ಸಾಕ್ಷಿ ಇದೆ. ಪ್ರಾಗ್‌ನಲ್ಲಿ ಸಿನಿಮಾ ಕಲಿತ ರಾಮ್ ರೆಡ್ಡಿ, ನೊದೆಕೊಪ್ಪಲಿನ ಈರೇಗೌಡರ ಬರವಣಿಗೆಯನ್ನು ಜೊತೆ ಮಾಡಿಕೊಂಡು ಅದೇ ಸೀಮೆಯಲ್ಲಿ ‘ತಿಥಿ’ ಮಾಡಿದರು. ನಟಿಸಿದವರು ಕ್ಯಾಮೆರಾ ಕಂಡಿರದ ಹಳ್ಳಿಯ ಜನ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು, ಮುಂದೆ ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಈರೇಗೌಡರು ಮುಂದೆ ‘ಬಳೆಕೆಂಪ’ ಚಿತ್ರವನ್ನು ತಾವೇ ನಿರ್ದೇಶಿಸಿದರು. ‘ತಿಥಿ’ಯ ಹಿರಿಯರನ್ನೇ ಹಾಕಿಕೊಂಡು ಆಮೇಲೆ ಬೇರೆ ಚಿತ್ರಗಳೂ ಬಂದವು. ಅವುಗಳಿಗೆ ಆ ಮುಖಗಳು ಸಿಕ್ಕವು, ಆ ಬರವಣಿಗೆ ಸಿಗಲಿಲ್ಲ. ಅನುಕರಣೆಗೂ ಕಲಿಕೆಗೂ ಇರುವ ಅಂತರ ಇದು. ಗುರುವಿನಿಂದ ತೆಗೆದುಕೊಳ್ಳಬೇಕಾದದ್ದು ಅವರ ನೋಟದ ಕ್ರಮವನ್ನು. ಅವರ ಚೌಕಟ್ಟು, ಸಂಭಾಷಣೆ, ನಟರನ್ನು ಎತ್ತಿಕೊಂಡರೆ ಉಳಿಯುವುದು ಬರೀ ನಕಲು.

ಗೌರವ ಸಲ್ಲಿಸುವ ಬಗೆಯನ್ನೂ ಹೊಸಬರು ತೋರಿಸಿದ್ದಾರೆ. ಪುಟ್ಟಣ್ಣನವರು 1976ರಲ್ಲಿ ಮೂರು ಸಣ್ಣಕಥೆಗಳನ್ನು ಸೇರಿಸಿ ‘ಕಥಾಸಂಗಮ’ ಮಾಡಿದ್ದರು. 2019ರಲ್ಲಿ ಅದೇ ಹೆಸರಿನಲ್ಲಿ ಏಳು ಮಂದಿ ನಿರ್ದೇಶಕರು ಏಳು ಕಥೆಗಳನ್ನು ತೆರೆಗೆ ತಂದು ಅವರಿಗೆ ನಮನ ಸಲ್ಲಿಸಿದರು. ಗುರುವಿನ ಕಥೆಗಳನ್ನು ಮತ್ತೆ ಮಾಡಲಿಲ್ಲ, ತಮ್ಮವನ್ನು ಹೇಳಿದರು.

ನಮ್ಮೂರಿಗೊಂದು ಚಿತ್ರಸಮಾಜ

ಒಬ್ಬರೇ ಕೂತು ಮೊಬೈಲಿನಲ್ಲಿ ನೋಡುವುದು ಒಂದು ಬಗೆ, ಹತ್ತು ಜನ ಕೂತು ನೋಡಿ ಚರ್ಚಿಸುವುದು ಇನ್ನೊಂದು. ಕೆ.ವಿ. ಸುಬ್ಬಣ್ಣ 1973ರಲ್ಲೇ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದರು. ಪುಣೆಯ ಸತೀಶ್ ಬಹಾದ್ದೂರ್ ಅಂಥವರು ಬಂದು ಚಿತ್ರರಸಗ್ರಹಣ ಶಿಬಿರ ನಡೆಸಿದರು. ಅಡಿಕೆ ತೋಟದ ನಡುವಿನ ಹಳ್ಳಿಗರು ರಾಯ್, ಕುರೊಸಾವಾ ಅವರ ಚಿತ್ರ ನೋಡಿ ಮಾತಾಡಿದರು. ಆಗ ರೀಲಿನ ಡಬ್ಬಿಗಳನ್ನು ಊರಿಂದ ಊರಿಗೆ ಸಾಗಿಸಬೇಕಿತ್ತು. ಈಗ ಒಂದು ಪ್ರೊಜೆಕ್ಟರ್, ಒಂದು ಬಿಳಿ ಗೋಡೆ ಇದ್ದರೆ ಸಾಕು.

ಕಬ್ಬು, ಭತ್ತ, ರೇಷ್ಮೆಯ ಈ ಸೀಮೆಯಲ್ಲಿ ಕಥೆಗಳಿಗೆ ಬರವಿಲ್ಲ. ನಾಲೆಯ ನೀರಿಗೆ ಕಾಯುವ ರೈತ, ಹುಳು ಹಣ್ಣಾಗುವ ದಿನ ನಿದ್ದೆಗೆಡುವ ಮನೆ, ಕೆಲಸಕ್ಕೆ ಬೆಂಗಳೂರಿನ ಬಸ್ಸು ಹತ್ತುವ ಮಕ್ಕಳು, ಎಲ್ಲರೂ ತೆರೆಗೆ ಬರಬೇಕಾದವರೇ. ಬೆಳಕವಾಡಿ, ಮಳವಳ್ಳಿ, ಮದ್ದೂರಿನ ಶಾಲಾ ಕಾಲೇಜುಗಳಲ್ಲಿ, ಗ್ರಂಥಾಲಯಗಳಲ್ಲಿ ತಿಂಗಳಿಗೊಂದು ಒಳ್ಳೆಯ ಚಿತ್ರ ತೋರಿಸಿ ಚರ್ಚೆ ನಡೆಸಲು ಮೇಷ್ಟ್ರುಗಳು, ಪಂಚಾಯಿತಿಯವರು ಮುಂದಾಗಬೇಕು. ಸಿನಿಮಾ ಮಾಡುವ ಆಸೆಯಿರುವ ಹುಡುಗ ಹುಡುಗಿಯರಿಗೆ ನನ್ನದೊಂದು ಮಾತು: ಈ ವರ್ಷ ಒಬ್ಬ ನಿರ್ದೇಶಕರನ್ನು ಆರಿಸಿಕೊಂಡು ಅವರ ಸಿಕ್ಕಷ್ಟೂ ಚಿತ್ರಗಳನ್ನು ಶ್ರದ್ಧೆಯಿಂದ ನೋಡಿ. ಆಮೇಲೆ ಅವರಂತೆ ಮಾಡಲು ಹೋಗದೆ, ನಿಮ್ಮೂರಿನ ಹತ್ತು ನಿಮಿಷದ ಕಥೆಯೊಂದನ್ನು ನಿಮ್ಮ ಕಣ್ಣಿಗೆ ಕಂಡಂತೆ ಚಿತ್ರಿಸಿ.