ನೇರಳೆಯ ಒಗರು, ಹುರಿದ ಮೊಳಕೆಯ ಘಮ

ರಾಗಿಯನ್ನು ರಾತ್ರಿಯಿಡೀ ನೆನೆಹಾಕಿ, ನೀರು ಬಸಿದು, ಹಳೆ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ಬಟ್ಟೆಯ ನೂಲಿನ ಸಂದಿಯಿಂದ ಬಿಳಿ ಮೊಳಕೆ ಇಣುಕುತ್ತದೆ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ, ಅರಕಲಗೂಡು ಸೀಮೆಯ ಮನೆಗಳಲ್ಲಿ ಮಗುವಿಗೆ ಸರಿ ಉಣಿಸಲು ಇಂದಿಗೂ ನಡೆಯುವ ಕೆಲಸವಿದು. ಮೊಳಕೆ ಒಣಗಿಸಿ ಹುರಿಯುವಾಗ ಏಳುವ ಸಿಹಿ ಘಮವನ್ನು ಬಲ್ಲವರಿಗೆ ವಿಸ್ಕಿಯ ಅರ್ಧ ಕತೆ ಆಗಲೇ ಗೊತ್ತಿದೆ. ಐರ್ಲೆಂಡಿನಲ್ಲಿ ರಾಗಿಯ ಜಾಗದಲ್ಲಿ ಬಾರ್ಲಿ. ಮೊಳೆತ ಕಾಳಿನ ಪಿಷ್ಟವನ್ನು ಬಿಸಿನೀರಿನಲ್ಲಿ ಸಕ್ಕರೆಯಾಗಿಸಿ, ಆ ಸಿಹಿನೀರನ್ನು ಹುಳಿ ಬರಿಸಿ, ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸುತ್ತಾರೆ. ಅಲ್ಲಿ ಸಾಮಾನ್ಯವಾಗಿ ಮೂರು ಸಲ ಇಳಿಸುವ ರೂಢಿ. ಕೊನೆಗೆ ಸಿಗುವುದು ನೀರಿನಷ್ಟೇ ತಿಳಿಯಾದ, ಮೂಗಿಗೆ ಹತ್ತಿರ ತಂದರೆ ಘಾಟು ಹೊಡೆಯುವ ದ್ರವ.

ಉಳಿದರ್ಧ ಮರದ ಕೆಲಸ.

ಐರಿಷ್ ವಿಸ್ಕಿ ಎಂದು ಕರೆಸಿಕೊಳ್ಳಬೇಕಾದರೆ ಅದು ಆ ದ್ವೀಪದಲ್ಲೇ, ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಿರಬೇಕು ಎಂಬುದು ಅಲ್ಲಿನ ಕಾನೂನು. ಮೂರು ದಾಟಿ ನಾಲ್ಕೈದರಲ್ಲಿರುವುದನ್ನು ಎಳೆಯದು ಎನ್ನುತ್ತಾರೆ. 1980ರ ದಶಕದ ಹೊತ್ತಿಗೆ ಇಡೀ ಐರ್ಲೆಂಡಿನಲ್ಲಿ ಮಿಡಲ್ಟನ್ ಮತ್ತು ಬುಷ್‌ಮಿಲ್ಸ್ ಎಂಬ ಎರಡೇ ಕೇಂದ್ರಗಳಲ್ಲಿ ವಿಸ್ಕಿ ಭಟ್ಟಿ ಇಳಿಯುತ್ತಿತ್ತು. ಆಮೇಲೆ ಒಂದೊಂದಾಗಿ ಹೊಸ ಭಟ್ಟಿಗಳು ಎದ್ದವು. ಡಬ್ಲಿನ್ ನಗರದಲ್ಲಿ 2015ರಲ್ಲಿ ತೆರೆದ ಟೀಲಿಂಗ್, ಒಂದೂಕಾಲು ಶತಮಾನದ ನಂತರ ಆ ಊರಿಗೆ ಬಂದ ಮೊದಲ ಹೊಸ ಭಟ್ಟಿ. ಇಂಥ ಹೊಸಬರಿಗೆ ಹತ್ತು ಹನ್ನೆರಡು ವರ್ಷ ಕೈಕಟ್ಟಿ ಕೂರುವ ಅನುಕೂಲವಿಲ್ಲ. ಹಾಗಾಗಿ ಕೆಲವರು ಎಳೆಯ ವಿಸ್ಕಿಯನ್ನು ಕೊನೆಯ ಕೆಲವು ತಿಂಗಳು ವೈನ್ ತುಂಬಿದ್ದ ಪೀಪಾಯಿಗೆ ವರ್ಗಾಯಿಸುತ್ತಾರೆ. ವರ್ಷಗಟ್ಟಲೆ ಮೊಸರು ಹೆಪ್ಪಿಟ್ಟ ಮಣ್ಣಿನ ಮಡಕೆಯನ್ನು ಎಷ್ಟು ತೊಳೆದರೂ ಹುಳಿವಾಸನೆ ಹೋಗುವುದಿಲ್ಲವಲ್ಲ, ಹಾಗೆ ಓಕ್ ಹಲಗೆಯೊಳಗೆ ವೈನ್ ಇಳಿದು ಕೂತಿರುತ್ತದೆ. ವಿಸ್ಕಿ ಅದನ್ನು ಮೆಲ್ಲಗೆ ಎಳೆದುಕೊಳ್ಳುತ್ತದೆ: ಕೆಂಪು ಛಾಯೆ, ಹಣ್ಣಿನ ಸಿಹಿ, ಒಂದಿಷ್ಟು ಒಗರು.

ಪೀಪಾಯಿಯ ಈ ಕೆಲಸವನ್ನು ನೋಡಲು ಐರ್ಲೆಂಡಿಗೇ ಹೋಗಬೇಕಿಲ್ಲ. ಬೆಂಗಳೂರು–ಮೈಸೂರು ರಸ್ತೆಯ ಕಂಬೀಪುರದಲ್ಲಿ ಅಮೃತ್ ಡಿಸ್ಟಿಲರೀಸ್ ಇದೆ. ರಾಧಾಕೃಷ್ಣ ಜಗದಾಳೆ ಅವರು 1948ರಲ್ಲಿ ಶುರುಮಾಡಿದ ಸಂಸ್ಥೆ. ಅವರ ಮಗ ನೀಲಕಂಠರಾವ್ ಜಗದಾಳೆ ಅವರ ಕಾಲದಲ್ಲಿ, 2004ರ ಆಗಸ್ಟ್‌ನಲ್ಲಿ, ಸಿಂಗಲ್ ಮಾಲ್ಟನ್ನು (ಒಂದೇ ಭಟ್ಟಿಯಲ್ಲಿ, ಮೊಳೆತ ಬಾರ್ಲಿಯಿಂದಲೇ ಇಳಿಸಿದ ವಿಸ್ಕಿ) ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿದರು. ವಿಸ್ಕಿಯ ತವರಿನಲ್ಲೇ ಕನ್ನಡನಾಡಿನ ಸರಕು ಪರೀಕ್ಷೆಗೆ ಕೂತ ಆ ಧೈರ್ಯ ಹೆಮ್ಮೆ ಪಡುವಂಥದ್ದು. 2010ರ ಆವೃತ್ತಿಯ ‘ವಿಸ್ಕಿ ಬೈಬಲ್’ನಲ್ಲಿ ವಿಸ್ಕಿ ವಿಮರ್ಶಕ ಜಿಮ್ ಮರ್ರಿ, ಅಮೃತ್ ಫ್ಯೂಷನ್ ಎಂಬ ವಿಸ್ಕಿಗೆ ನೂರಕ್ಕೆ 97 ಅಂಕ ಕೊಟ್ಟು ಜಗತ್ತಿನ ಮೂರನೆಯ ಸ್ಥಾನದಲ್ಲಿ ಕೂರಿಸಿದರು.

ಅಮೃತ್‌ನ ಹೆಚ್ಚಿನ ವಿಸ್ಕಿಗಳೂ ಎಳೆಯವೇ, ನಾಲ್ಕೈದು ವರ್ಷದವು. ಕಾರಣ ನಮ್ಮ ಬಿಸಿಲು. ತೆಂಗಿನಕಾಯಿಯನ್ನು ಅಟ್ಟದ ಮೇಲೆ ವರ್ಷದ ಮಟ್ಟಿಗೆ ಬಿಟ್ಟು, ಒಳಗಿನ ನೀರು ಆರಿ ಗಡಗಡ ಎನ್ನುವವರೆಗೆ ಕಾದು ಉಂಡೆಕೊಬ್ಬರಿ ಮಾಡುವ ಚನ್ನರಾಯಪಟ್ಟಣದ ರೈತರಿಗೆ, ಶಾಖ ಒಳಗಿನದನ್ನು ಆರಿಸುವ ಬಗೆಯನ್ನು ಬಿಡಿಸಿ ಹೇಳಬೇಕಿಲ್ಲ. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾದರೆ ಬೆಂಗಳೂರಿನಲ್ಲಿ ಶೇ 10ರಿಂದ 12 ಹೋಗುತ್ತದೆ. ‘ದೇವತೆಗಳ ಪಾಲು’ ಎಂದು ಅದಕ್ಕೆ ಹೆಸರು. 200 ಲೀಟರ್ ತುಂಬಿಟ್ಟರೆ ಅಲ್ಲಿ ನಾಲ್ಕು ವರ್ಷದ ಮೇಲೂ 184 ಲೀಟರ್ ಇರುತ್ತದೆ. ಇಲ್ಲಿ ಉಳಿಯುವುದು ಸುಮಾರು 125. ಆದರೆ ಅದೇ ಶಾಖ ಮರದ ಸತ್ವವನ್ನೂ ಬೇಗ ಇಳಿಸುತ್ತದೆ. ಹಾಸನವೂ ಬೆಂಗಳೂರಿನಂತೆ 900 ಮೀಟರ್‌ಗಿಂತ ಎತ್ತರದ ಊರು. ಹಾಸನದಲ್ಲಿ ಪೀಪಾಯಿ ಇಟ್ಟರೂ ಲೆಕ್ಕ ಹೆಚ್ಚುಕಡಿಮೆ ಅದೇ ಆದೀತು.

ವೈನ್ ಪೀಪಾಯಿಯ ಪ್ರಯೋಗವನ್ನೂ ಅಮೃತ್ ಮಾಡಿದೆ. 2011ರ ಪೋರ್ಟೊನೋವಾ, ಪೋರ್ಚುಗಲ್‌ನ ಪೋರ್ಟ್ ವೈನ್ ಇದ್ದ ಪೀಪಾಯಿಗಳಲ್ಲಿ ಇಳಿದು ಮತ್ತೆ ಅಮೆರಿಕದ ಬರ್ಬನ್ ವಿಸ್ಕಿ ಇದ್ದ ಪೀಪಾಯಿಗೆ ಮರಳಿದ ವಿಸ್ಕಿ. ಕದಂಬಂ ಎಂಬುದು ಇನ್ನೂ ಹತ್ತಿರದ್ದು: ಶೆರಿ ವೈನ್ ಮತ್ತು ರಮ್ ಪೀಪಾಯಿಗಳ ಜೊತೆಗೆ, ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯ ಬ್ರಾಂದಿ ಇದ್ದ ಪೀಪಾಯಿಯಲ್ಲೂ ಅದು ಮಾಗಿತು. ಹಾಸನದ ಸಂತೆಪೇಟೆಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವ, ಬೀಜವಿರುವ ಆ ಕಪ್ಪು ದ್ರಾಕ್ಷಿಯ ಕಸ್ತೂರಿಯಂಥ ವಾಸನೆ ಒಮ್ಮೆ ಮೂಸಿದವರು ಮರೆಯುವುದಿಲ್ಲ.

ಸವಿಯುವ ಬಗೆ ಸರಳ. ಬಾಯಿ ಕಿರಿದಾದ ಸಣ್ಣ ಗಾಜಿನ ಲೋಟ, ಅದರಲ್ಲಿ 15 ಮಿಲಿ. ಐಸ್ ಬೇಡ, ಸೋಡಾ ಬೇಡ. ಅಳತೆ ಇಷ್ಟು ಸಣ್ಣದಿರುವುದಕ್ಕೆ ಕಾರಣವಿದೆ: ಕುಡಿತದಿಂದ ಮನೆ ಮುರಿದದ್ದನ್ನು ಕಣ್ಣಾರೆ ಕಂಡ ಊರುಗಳಿವು. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಾಗ ಹಳ್ಳಿಯ ಹೆಂಗಸರು ನಿಟ್ಟುಸಿರು ಬಿಟ್ಟದ್ದು ಸುಮ್ಮನೆ ಅಲ್ಲ. ಸವಿಯುವುದಕ್ಕೆ ನಾಲಿಗೆ ನೆನೆಯುವಷ್ಟೇ ಸಾಕು, ಮುಖ್ಯ ಕೆಲಸ ಮೂಗಿನದು. ಮೊದಲು ಬಾಯಿ ತುಸು ತೆರೆದು ದೂರದಿಂದ ಮೂಸಬೇಕು. ಎಳೆಯದಾದರೆ ಘಾಟು ಮುಂದೆ ಬರುತ್ತದೆ. ಎರಡು ನಿಮಿಷ ಬಿಟ್ಟು, ನಾಲ್ಕು ತೊಟ್ಟು ನೀರು ಹಾಕಿದರೆ ಅದು ಅಡಗಿ ಒಳಗಿನದು ಏಳುತ್ತದೆ.

ಏನು ಏಳುತ್ತದೆ? ಇಂಗ್ಲಿಷ್ ಪುಸ್ತಕಗಳು ಸಿಗಾರ್ ಪೆಟ್ಟಿಗೆ, ಬ್ಲ್ಯಾಕ್‌ಬೆರಿ, ಟಾಫಿ ಎಂದು ಪಟ್ಟಿ ಕೊಡುತ್ತವೆ. ಹೊಳೆನರಸೀಪುರದಲ್ಲಿ ಬೆಳೆದ ಮೂಗು ಅವನ್ನು ಹುಡುಕಿ ಸೋಲಬೇಕಾಗಿಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕಿನ ಹರಾಜು ಮಾರುಕಟ್ಟೆಯೇ ಇದೆ. ಹದವಾದ ಹೊಗೆಸೊಪ್ಪನ್ನು ಬ್ಯಾರನ್ ಎಂಬ ಒಣಗೂಡಿನಿಂದ ಇಳಿಸುವಾಗ ಬರುವ ಒಣ ಸಿಹಿವಾಸನೆ ಆ ಸಿಗಾರ್ ಪೆಟ್ಟಿಗೆಯದೇ. ಟಾಫಿ ಎಂದರೆ ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಗಟ್ಟಿಯಾಗುವ ಗಳಿಗೆ. ಅಮೆರಿಕದ ಓಕ್ ಮರದಲ್ಲಿ ತೆಂಗಿನ ವಾಸನೆಯನ್ನೇ ಹೋಲುವ ಲ್ಯಾಕ್ಟೋನ್ ಎಂಬ ಅಂಶವಿದೆ, ಹುರಿದ ಕೊಬ್ಬರಿ ನೆನಪಾದರೆ ಅದು ಭ್ರಮೆಯಲ್ಲ. ಕೆಂಪು ವೈನ್ ಬಿಟ್ಟುಹೋದ ಒಗರಿಗಂತೂ ನೇರಳೆಹಣ್ಣಿಗಿಂತ ಒಳ್ಳೆಯ ಹೋಲಿಕೆ ಯಾವ ಭಾಷೆಯಲ್ಲೂ ಸಿಗಲಾರದು: ಮೊದಲು ಸಿಹಿ, ಹಿಂದೆಯೇ ನಾಲಿಗೆಯ ಅಂಚು ಒಣಗಿ ಮಡಚಿದಂತಾಗುವುದು.

ವೈನ್ ಪೀಪಾಯಿಗೆ ಕೊರತೆ ಮುಚ್ಚುವ ಶಕ್ತಿಯೂ ಇದೆ. ಬೇಳೆ ಬೇಯದ ಸಾರಿಗೆ ಬೆಲ್ಲ ಸುರಿದಂತೆ, ಮಾಗದ ವಿಸ್ಕಿಗೆ ದ್ರಾಕ್ಷಿಯ ಸಿಹಿ ಹೊದಿಸಿ ಮಾರುವುದುಂಟು. ಹಾಗಾಗಿ ಬಲ್ಲವರು ಲೋಟವನ್ನು ತೊಳೆಯದೆ ಹಾಗೇ ಬಿಟ್ಟು ಬೆಳಿಗ್ಗೆ ಇನ್ನೊಮ್ಮೆ ಮೂಸುತ್ತಾರೆ. ಅಷ್ಟು ಹೊತ್ತಿಗೆ ಮದ್ಯಸಾರ ಆರಿರುತ್ತದೆ. ಒಣಗಿದ ಗಾಜಿನ ತಳದಲ್ಲಿ ಮರದ ವಾಸನೆ, ಅದರಡಿಯಲ್ಲಿ ಹುರಿದ ಮೊಳಕೆಕಾಳಿನ ಘಮ ಇನ್ನೂ ಇದೆಯೇ ಎಂದು ನೋಡುತ್ತಾರೆ.