‘ಪಾಪ, ಯಾರೂ ಇಲ್ಲದ ಮಕ್ಕಳು’: ಮಕ್ಕಳ ಮನೆಯ ಬಗ್ಗೆ ನಾವು ನಂಬಿಕೊಂಡಿರುವುದು

ತಂಗಿಯ ಮಗಳು ಬೆಂಗಳೂರಿನ ಕೆಲಸಕ್ಕೆ ಮೂರು ವಾರ ರಜೆ ಹಾಕಿ, ಉಗಾಂಡಾದ ಹಳ್ಳಿಯೊಂದರ ಮಕ್ಕಳ ಮನೆಗೆ ಸ್ವಯಂಸೇವಕಿಯಾಗಿ ಹೋಗಿ ಬಂದಳು. ಹೊರಡುವ ಮುಂಚೆ ಬಾಳೆಹೊನ್ನೂರಿಗೆ ಬಂದವಳು, “ದೊಡ್ಡಮ್ಮ, ಆ ಮಕ್ಕಳಿಗೆ ಯಾರೂ ಇಲ್ವಂತೆ” ಅಂದಿದ್ದಳು. ವಾಪಸು ಬಂದ ಮೇಲೆ ಅದೇ ಜಗಲಿಯಲ್ಲಿ ಕೂತು, “ಅಲ್ಲೂ ನಿಮ್ಮ ತೋಟದ ರೋಬಸ್ಟಾ ಗಿಡಾನೇ ದೊಡ್ಡಮ್ಮ” ಅಂತ ನಗುತ್ತಾ ಶುರು ಮಾಡಿದಳು. (ಅದರಲ್ಲಿ ಆಶ್ಚರ್ಯವೇನಿಲ್ಲ. 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿರುವ ಊರು ನಮ್ಮದು. ರೋಬಸ್ಟಾ ಮೂಲತಃ ಆಫ್ರಿಕಾದ ಕಾಡಿನದು ಅಂತ ಇಲ್ಲಿ ತೋಟದ ರೈಟರುಗಳಿಗೂ ಗೊತ್ತು.) ಆಮೇಲೆ ಭಾನುವಾರದ ಮಾತು ಬಂತು. ಭಾನುವಾರ ಗೇಟಿನ ಹೊರಗೆ ಅಮ್ಮಂದಿರು, ಅಜ್ಜಿಯರು ಬಾಳೆಹಣ್ಣಿನ ಚಿಪ್ಪು ಹಿಡಿದು ತಮ್ಮ ಮಕ್ಕಳನ್ನು ನೋಡಲು ಕಾಯುತ್ತಿದ್ದರಂತೆ. ಅಷ್ಟು ಹೇಳಿ ಸುಮ್ಮನಾದಳು.

ನಾನೂ ನಮ್ಮ ಕಡೆಯ ಒಂದು ಮಕ್ಕಳ ಮನೆಗೆ ಶನಿವಾರ ಶನಿವಾರ ಬಸ್ಸು ಹತ್ತಿ ಹೋಗುತ್ತೇನೆ. ಅದರ ಹೆಸರು, ಊರು ಹೇಳುವುದಿಲ್ಲ. ಯಾಕೆ ಅನ್ನುವುದು ಮುಂದೆ ಬರುತ್ತದೆ. ಆದರೆ ಅವಳು ಅಲ್ಲಿ ಕಂಡದ್ದನ್ನು ಹೇಳುತ್ತಾ ಹೋದ ಹಾಗೆ, ನಾನು ಇಲ್ಲಿ ಕಂಡದ್ದೇ ಕೇಳಿಸುತ್ತಿತ್ತು.

“ಅಲ್ಲಿರೋರೆಲ್ಲ ಅನಾಥರು”

ಇದು ಮೊದಲನೆಯ ಮತ್ತು ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆ. ನಾನು ಹೋಗುವ ಮನೆಯಲ್ಲಿ ತಂದೆ ತಾಯಿ ಇಬ್ಬರೂ ಇಲ್ಲದ ಮಕ್ಕಳು ಕೆಲವರೇ. ಉಳಿದವರಿಗೆ ಯಾರಾದರೂ ಒಬ್ಬರು ಇದ್ದಾರೆ: ಕುಡಿತಕ್ಕೆ ಬಿದ್ದ ಅಪ್ಪ, ಕಾಯಿಲೆಯ ಅಮ್ಮ, ಕಾಫಿ ಕೊಯ್ಲಿಗೆ ತೋಟದಿಂದ ತೋಟಕ್ಕೆ ತಿರುಗುವ ಸಂಸಾರ, ವಯಸ್ಸಾದ ಅಜ್ಜಿ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿದ್ದಾರೆ, ಮದುವೆ ನಿಲ್ಲಿಸಿ ಕರೆತಂದವರಿದ್ದಾರೆ. 2015ರ ಬಾಲನ್ಯಾಯ ಕಾಯ್ದೆ ಇವರನ್ನೆಲ್ಲ ‘ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳು’ ಅನ್ನುತ್ತದೆ. ಅನಾಥ ಮಗು ಆ ಪಟ್ಟಿಯಲ್ಲಿ ಒಂದು ಬಗೆ ಅಷ್ಟೆ.

ಲೆಕ್ಕದಲ್ಲೂ ಒಂದು ಗೊಂದಲವಿದೆ. ಯುನಿಸೆಫ್ ‘ಅನಾಥ’ ಎಂದು ಎಣಿಸುವಾಗ ತಂದೆ ತಾಯಿಯರಲ್ಲಿ ಒಬ್ಬರನ್ನು ಕಳೆದುಕೊಂಡ, 18 ತುಂಬದ ಮಗುವನ್ನೂ ಸೇರಿಸುತ್ತದೆ. ಆಫ್ರಿಕಾದಲ್ಲಿ ಇಷ್ಟು ಕೋಟಿ ಅನಾಥರು ಅನ್ನುವ ಸುದ್ದಿ ಬರುವುದು ಈ ಎಣಿಕೆಯಿಂದ. ಅವರಲ್ಲಿ ಬಹುಪಾಲು ಮಕ್ಕಳು ಇರುವುದು ಅಮ್ಮನ ಜತೆ, ಇಲ್ಲವೇ ಅಜ್ಜಿ, ಚಿಕ್ಕಪ್ಪನ ಮನೆಯಲ್ಲಿ. ಆ ಲೆಕ್ಕ ಹಿಡಿದರೆ ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿ, ಹನ್ನೆರಡನೇ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ ಕುವೆಂಪು ಅವರೂ ಅನಾಥ ಬಾಲಕರೇ! ಅವರು ಮುಂದೆ ಮೈಸೂರಿನ ರಾಮಕೃಷ್ಣ ಆಶ್ರಮದಲ್ಲಿ ವರ್ಷಗಟ್ಟಲೆ ಇದ್ದರು. ಹಾಗಂತ ಅವರನ್ನು ಯಾರೂ ‘ಪಾಪ’ ಅನ್ನಲಿಲ್ಲ. ವಾರಾನ್ನ ಉಂಡು ಓದಿದವರ, ಸಿದ್ಧಗಂಗೆಯ ಮಠದಲ್ಲಿ ಉಂಡು ಬೆಳೆದವರ ನಾಡಿದು. ಬಡತನಕ್ಕೆ ಮಗು ಮನೆ ಬಿಟ್ಟು ಬೇರೆ ಕಡೆ ಉಳಿಯುವುದು ಬೇರೆ, ಮಗುವಿಗೆ ಯಾರೂ ಇಲ್ಲದಿರುವುದು ಬೇರೆ ಅನ್ನುವುದು ನಮಗೆ ಗೊತ್ತಿದ್ದ ಸಂಗತಿಯೇ. ಅನಾಥಾಲಯದ ಬೋರ್ಡು ನೋಡಿದ ಕೂಡಲೇ ಯಾಕೋ ಮರೆತುಬಿಡುತ್ತೇವೆ. ಜಗತ್ತಿನಾದ್ಯಂತ ಇಂಥ ಮನೆಗಳಲ್ಲಿರುವ ಐವರಲ್ಲಿ ಕನಿಷ್ಠ ನಾಲ್ವರಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ ಎಂದು ಸೇವ್ ದ ಚಿಲ್ಡ್ರನ್ ಸಂಸ್ಥೆ 2009ರಲ್ಲೇ ಹೇಳಿತ್ತು.

“ಹೋಗಿ ಆಡಿಸಿ ಬಂದರೆ ಅದೇ ಸೇವೆ”

ಸ್ವಯಂಸೇವಕಿ ಅಂದರೆ ಹುಲ್ಲಿನ ಮೇಲೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಥೆ ಹೇಳುವವಳು ಅಂತ ನಾನೂ ಅಂದುಕೊಂಡಿದ್ದೆ. ಮೊದಲ ಜೂನ್ ತಿಂಗಳಲ್ಲೇ ಆ ಭ್ರಮೆ ತೊಳೆದುಹೋಯಿತು. ಮಲೆನಾಡಿನ ಮಳೆಗಾಲದಲ್ಲಿ ಮಕ್ಕಳ ಮನೆಯ ಮೊದಲ ಸಮಸ್ಯೆ ಪ್ರೀತಿಯ ಕೊರತೆಯಲ್ಲ, ಬಟ್ಟೆ ಒಣಗದಿರುವುದು. ಯೂನಿಫಾರ್ಮನ್ನು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿ, ಹೊಗೆವಾಸನೆಯ ಸಮೇತ ಬೆಳಗ್ಗೆ ತೊಡಿಸಬೇಕು. ಎಲ್ಲರದ್ದೂ ಒಂದೇ ಬಣ್ಣದ ಅಂಗಿ, ಹೆಚ್ಚುಕಡಿಮೆ ಒಂದೇ ಅಳತೆ. ಮಾರ್ಕರಿನಲ್ಲಿ ಬರೆದ ಹೆಸರು ನಾಲ್ಕು ಒಗೆತಕ್ಕೆ ಅಳಿಸಿಹೋಗುತ್ತಿತ್ತು. ಅಂಗಿ ಅದಲುಬದಲಾಗಿ ದಿನಾ ಬೆಳಗ್ಗೆ ಜಗಳ.

ಕೊನೆಗೆ ಕಾಲರಿನ ಒಳಮಗ್ಗುಲಿಗೆ ಬಣ್ಣದ ದಾರದಲ್ಲಿ ಗುರುತು ಹಾಕತೊಡಗಿದೆ. ಒಬ್ಬಳಿಗೆ ಕೆಂಪು ಅಡ್ಡಗೆರೆ, ಒಬ್ಬಳಿಗೆ ಹಳದಿ ಚುಕ್ಕಿ, ಇನ್ನೊಬ್ಬಳಿಗೆ ನೇರಳೆ ಗುಣಾಕಾರ. ಬಣ್ಣ ಅವರೇ ಆರಿಸಿಕೊಂಡದ್ದು. ಆ ಮನೆಯಲ್ಲಿ ಮಂಚ, ತಟ್ಟೆ, ಬಕೆಟ್ಟು ಎಲ್ಲಕ್ಕೂ ನಂಬರು. ದಾರ ಮಾತ್ರ ಅವರವರದ್ದು. ನೇರಳೆ ದಾರದವಳು ವಾರಕ್ಕೊಮ್ಮೆ ಕಾಲರು ತಿರುಗಿಸಿ ತೋರಿಸಿ, “ಇದೆಯಲ್ವಾ ಆಂಟಿ?” ಅಂತ ಖಾತ್ರಿ ಮಾಡಿಕೊಳ್ಳುವಳು.

ಉಳಿದ ಕೆಲಸ ಇನ್ನೂ ಸಪ್ಪೆ. ಸೀರಣಿಗೆ ಹಿಡಿದು ಹೇನು ತೆಗೆಯುವುದು. ಜಡೆ ಹಾಕುವುದು. ಇಂಬಳ ಕಚ್ಚಿದಲ್ಲಿ ಕೆರೆದು ಹುಣ್ಣು ಮಾಡಿಕೊಂಡವರಿಗೆ ಮುಲಾಮು. ಸಂಜೆ ಕರೆಂಟು ಹೋಗುವ ಮುಂಚೆ ಮಗ್ಗಿ, ಕಾಪಿ ಬರೆಸುವುದು. ದಿಂಬಿನ ಕೆಳಗೆ ಚಪಾತಿ ಬಚ್ಚಿಟ್ಟವನಿಗೆ ಬೈಯದೆ, ನಾಳೆಯೂ ಊಟ ಇರುತ್ತದೆ ಅನ್ನುವುದು ತಾನಾಗಿ ನಂಬಿಕೆಯಾಗುವವರೆಗೆ ಕಾಯುವುದು. ಉಗಾಂಡಾದಲ್ಲಿ ನಮ್ಮ ಹುಡುಗಿ ಮಾಡಿದ್ದೂ ಹೆಚ್ಚುಕಡಿಮೆ ಇದೇ: ನೀರು ಹೊರುವುದು, ಹುರುಳಿಕಾಳಿನಂಥ ಕಾಳು ಆರಿಸುವುದು, ಮೆಕ್ಕೆಜೋಳದ ಹಿಟ್ಟಿನ ಪೋಷೋ ಬಡಿಸುವುದು. “ನಮ್ಮ ಮುದ್ದೆ ಥರಾನೇ, ಬೆಳ್ಳಗಿರುತ್ತೆ” ಅಂದಳು. ಅವಳಿಗೆ ಇಂಗ್ಲಿಷ್ ಪಾಠ ಮಾಡಲೂ ಹೇಳಿದ್ದರಂತೆ. ಹಿಂದಿನ ತಂಡವೂ ಎ ಬಿ ಸಿ ಡಿ, ಅದಕ್ಕೂ ಹಿಂದಿನದೂ ಎ ಬಿ ಸಿ ಡಿ. ಮಕ್ಕಳು ಗೊತ್ತಿಲ್ಲದವರ ಹಾಗೆ ಮತ್ತೊಮ್ಮೆ ಹೇಳಿಸಿಕೊಂಡರಂತೆ. ಅತಿಥಿಗಳ ಮನಸ್ಸು ನೋಯಬಾರದಲ್ಲ!

“ನೋಡಿ, ಎಷ್ಟು ಬೇಗ ಹಚ್ಚಿಕೊಂಡರು!”

ಮೊದಲ ಸಲ ಬಂದವರು ಖುಷಿಯಿಂದ ಹೇಳುವ ಮಾತಿದು. ಹೆಸರೂ ಗೊತ್ತಿಲ್ಲದವರ ಮಡಿಲಿಗೆ ಐದು ವರ್ಷದ ಮಗು ಓಡಿಬಂದು ಕೂತರೆ ಅದನ್ನು ಪ್ರೀತಿ ಎಂದುಕೊಳ್ಳಬಾರದು. ನಮ್ಮ ಮನೆಯ ಮಕ್ಕಳು ಹಾಗೆ ಮಾಡುತ್ತಾರೆಯೇ? ಅಮ್ಮನ ಸೆರಗಿನ ಹಿಂದೆ ಅವಿತುಕೊಳ್ಳುತ್ತಾರೆ. ರೊಮೇನಿಯಾದ ಬುಖಾರೆಸ್ಟಿನಲ್ಲಿ 2000ದಲ್ಲಿ ಆರಂಭವಾದ ಅಧ್ಯಯನವೊಂದು ಅನಾಥಾಲಯಗಳ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಜನರನ್ನು ಸಾಕುಕುಟುಂಬಗಳಲ್ಲಿ ಇರಿಸಿ ಹೋಲಿಸಿ ನೋಡಿತು. ಕುಟುಂಬ ಸೇರಿದ ಮಕ್ಕಳ ಬುದ್ಧಿಯೂ ಬೆಳೆಯಿತು, ಒಬ್ಬರನ್ನು ನೆಚ್ಚುವ ಗುಣವೂ ಬಂತು. ಅಪರಿಚಿತರೊಂದಿಗೆ ಅತಿಸಲುಗೆ ಸಂಸ್ಥೆಯಲ್ಲಿ ಬೆಳೆದ ಮಕ್ಕಳಲ್ಲಿ ಸಾಮಾನ್ಯ ಎನ್ನುವುದೂ ಇಂಥ ಅಧ್ಯಯನಗಳಿಂದಲೇ ತಿಳಿದದ್ದು. ಮೂರು ವಾರಕ್ಕೊಬ್ಬ ಹೊಸ ಅಕ್ಕ ಬಂದು ಅತ್ತು ಹೋದರೆ ಮೊದಲೇ ಇರುವ ಅಗಲಿಕೆಯ ಗಾಯಕ್ಕೆ ಇನ್ನೊಂದು ಪದರ ಅಷ್ಟೆ. ಹಾಗಾಗಿ ನಾನು ಮುದ್ದಿಗಿಂತ ಶನಿವಾರದ ಹತ್ತೂವರೆ ಬಸ್ಸು ತಪ್ಪಿಸದಿರುವುದಕ್ಕೇ ಹೆಚ್ಚು ಗಮನ ಕೊಡುತ್ತೇನೆ.

“ಹುಟ್ಟುಹಬ್ಬಕ್ಕೆ ಊಟ ಹಾಕಿ ಫೋಟೊ ಹಾಕಿದರೆ ನಾಲ್ಕು ಜನಕ್ಕೆ ಪ್ರೇರಣೆ”

ಇದರಲ್ಲಿ ನನ್ನದೂ ತಪ್ಪಿದೆ. ಶುರುವಿನಲ್ಲಿ ಕೇಕು ಒಯ್ದು, ಮಕ್ಕಳ ಜತೆ ತೆಗೆದ ಪಟವನ್ನು ಮಹಿಳಾ ಸಮಾಜದ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ರಾತ್ರಿ ಒಂಬತ್ತಕ್ಕೆ ಮಕ್ಕಳ ಮನೆಯ ಮೇಡಂ ಫೋನು ಮಾಡಿ, “ಮೊದಲು ಅದನ್ನ ಡಿಲೀಟ್ ಮಾಡಿ” ಅಂದರು. ಪಟದಲ್ಲಿದ್ದ ಒಂದು ಮಗುವನ್ನು ಯಾರಿಂದ ಕಾಪಾಡಲು ಕರೆತಂದಿದ್ದರೋ ಆ ಮನುಷ್ಯನೂ ಫೋನು ಇಟ್ಟುಕೊಂಡಿದ್ದ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಕ್ಕಳ ಹೆಸರು, ವಿಳಾಸ, ಶಾಲೆ, ಪಟ ಯಾವುದನ್ನೂ ಪ್ರಕಟಿಸುವಂತಿಲ್ಲ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ನಾನು ಊರು ಹೇಳದಿರುವುದು ಇದಕ್ಕೇ.

ಊಟದ ವಿಷಯ: ನವೆಂಬರ್ 14ರಂದು ಮೂರು ತಂಡಗಳ ಜಾಮೂನು. ಮುಖ್ಯ ಅತಿಥಿಗಳು ಬರುವ ತನಕ ಮಕ್ಕಳು ಎರಡೂವರೆ ಗಂಟೆಯವರೆಗೆ ತಟ್ಟೆಯ ಮುಂದೆ ಕೂತಿದ್ದನ್ನು ಕಂಡಿದ್ದೇನೆ. ಜುಲೈಯಲ್ಲಿ ಯಾರ ಹುಟ್ಟುಹಬ್ಬವೂ ಬರುವುದಿಲ್ಲ. ಆಗ ಬೇಕಾದದ್ದು ಕೊಡೆ, ಒಳಉಡುಪು, ಸೌದೆ.

“ಒಂದು ಹುಡುಗೀನ ನಮ್ಮನೆಗೆ ಕೊಡಿ, ಮಗಳ ಥರ ನೋಡ್ಕೋತೀವಿ”

ಮಗಳ ಥರ ಅಂದರೆ ಏನೆಂದು ಕೇಳುವವರಿಗೆ ಗೊತ್ತು: ಪಾತ್ರೆ, ಕಸ, ಮೊಮ್ಮಗುವನ್ನು ಎತ್ತಿಕೊಳ್ಳುವುದು. ಹದಿನಾಲ್ಕರೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್‌ನಿಂದಲೇ ನಿಷಿದ್ಧ. ನಿಜವಾಗಿ ದತ್ತು ಬೇಕಿದ್ದವರು ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರವಾದ ಕಾರಾದಲ್ಲಿ ನೋಂದಾಯಿಸಿಕೊಂಡು ಸರದಿಯಲ್ಲಿ ನಿಲ್ಲಬೇಕು. ಮಗುವನ್ನು ಒಳಗೆ ಸೇರಿಸಿಕೊಳ್ಳುವುದೂ ಸಂಸ್ಥೆಯ ಕೈಯಲ್ಲಿಲ್ಲ. ಸಿಕ್ಕ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಯಾವುದಾದರೂ ಮಗು ಕಷ್ಟದಲ್ಲಿರುವುದು ಕಂಡರೆ 1098ಕ್ಕೆ ಫೋನು ಮಾಡಿ.

“ಇನ್ನೊಂದು ಆಶ್ರಮ ಕಟ್ಟಿಸಿದರೆ ಪುಣ್ಯ”

ತೋಟ ಮಾರಿ ಬಂದ ದುಡ್ಡಿನಲ್ಲಿ ಆಶ್ರಮ ಕಟ್ಟಿಸುವ ಆಸೆ ಇಟ್ಟುಕೊಂಡವರು ನಮ್ಮ ಕಡೆ ಈಗಲೂ ಸಿಗುತ್ತಾರೆ. ನೋಂದಣಿಯಿಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ಕನಿಷ್ಠ ಒಂದು ಲಕ್ಷ ದಂಡ ಇದೆ ಅನ್ನುವುದು ಒತ್ತಟ್ಟಿಗಿರಲಿ. ಹಾಸಿಗೆ ಜಾಸ್ತಿಯಾದರೆ ಅದನ್ನು ತುಂಬಿಸಲು ಮಕ್ಕಳನ್ನು ಹುಡುಕುವುದು ಶುರುವಾಗುತ್ತದೆ. ದಾನಿಗಳಿಗೆ ತೋರಿಸಲು ಬಡವರ ಮಕ್ಕಳನ್ನು ಅನಾಥರೆಂದು ಸಾಗಿಸುವುದನ್ನು ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿಯ ಸಾಲಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ರುವಾಂಡಾ 2012ರಿಂದ ಅನಾಥಾಲಯಗಳನ್ನು ಮುಚ್ಚಿ ಮಕ್ಕಳನ್ನು ಕುಟುಂಬಗಳಿಗೆ ಕಳಿಸುತ್ತಾ ಬಂದಿದೆ. ನಮ್ಮ ಕಾಯ್ದೆಯೂ ಸಂಸ್ಥೆಯನ್ನು ಕೊನೆಯ ದಾರಿ ಎಂದೇ ಕರೆಯುತ್ತದೆ. ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳಲು ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4000 ರೂಪಾಯಿ ಪ್ರಾಯೋಜಕತ್ವ ಇದೆ. ಅರ್ಜಿ ಹಾಕಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅಜ್ಜಿಯೊಬ್ಬಳ ಆಧಾರ್, ಪಾಸ್‌ಬುಕ್ಕು, ಆದಾಯ ಪ್ರಮಾಣಪತ್ರ ಹೊಂದಿಸಲು ನಾಡಕಚೇರಿಗೆ ನಾಲ್ಕು ಸಲ ಹೋಗಿ ಬಂದೆ. ಕಥೆ ಹೇಳಿದ್ದಕ್ಕಿಂತ ಅದೇ ದೊಡ್ಡ ಸ್ವಯಂಸೇವೆ ಅಂತ ನನ್ನ ಲೆಕ್ಕ.

ಆ ಅಜ್ಜಿಯ ಮೊಮ್ಮಗಳೇ ನೇರಳೆ ದಾರದವಳು. ಹೊರಡುವ ದಿನ ಅಂಗಿ ತಂದು ಕಾಲರಿನ ಗುರುತು ಬಿಚ್ಚಿಕೊಡಲು ಹೇಳಿದಳು. ಇರಲಿ ಬಿಡೇ, ಚೆನ್ನಾಗಿದೆಯಲ್ಲ ಅಂದೆ.

“ಬೇಡ ಆಂಟಿ. ಅಜ್ಜಿ ಮನೇಲಿ ಇರೋದೇ ನನ್ ಅಂಗಿ ಒಂದು.”