ಹತ್ತು ಸಾವಿರದ ತಟ್ಟೆಯಲ್ಲಿ ಏನಿರುತ್ತದೆ?

ಎಲ್‌ಪಿ ತಟ್ಟೆಗಳು ಮತ್ತೆ ಬಂದಿವೆ, ಬೆಲೆ ಮಾತ್ರ ಹಳೆಯದಲ್ಲ. ಆಲ್‌ಮನ್ ಬ್ರದರ್ಸ್, ಸ್ಯಾಂಟಾನಾ ಅಂತ ಎಪ್ಪತ್ತರ ದಶಕದ ಬ್ಲೂಸ್ ರಾಕ್ ಹುಡುಕಿಕೊಂಡು ಹೋದರೆ, ಮಾಮೂಲಿ ಮರುಮುದ್ರಣಕ್ಕೆ ಎರಡು-ಮೂರು ಸಾವಿರ, 'ಆಡಿಯೋಫೈಲ್' ಮುದ್ರಣಕ್ಕೆ ಹತ್ತು ಸಾವಿರ ಕೇಳಿದರೂ ಆಶ್ಚರ್ಯವಿಲ್ಲ. ದುಬಾರಿ ತಟ್ಟೆಯ ಹೊದಿಕೆ ಮೇಲೆ '180 ಗ್ರಾಂ', '45 ಆರ್‌ಪಿಎಂ', 'ಮೂಲ ಟೇಪಿನಿಂದ' ಅಂತ ಚೀಟಿಗಳಿರುತ್ತವೆ. ಇದರಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ?

ತೂಕದ ವಿಷಯ ಬೇಗ ಮುಗಿಯುತ್ತದೆ. ತಟ್ಟೆ ದಪ್ಪವಾದ ಮಾತ್ರಕ್ಕೆ ಅದರ ಗೀರು ಆಳವಾಗುವುದಿಲ್ಲ. ಡೊಂಕಾಗುವ ಭಯ ಸ್ವಲ್ಪ ಕಡಿಮೆ, ಅಷ್ಟೆ.

45ರ ಮಾತಿನಲ್ಲಿ ಹುರುಳಿದೆ. 12 ಅಂಗುಲದ ತಟ್ಟೆ ನಿಮಿಷಕ್ಕೆ ಮೂವತ್ಮೂರೂ ಚಿಲ್ಲರೆ ಸುತ್ತು ತಿರುಗುವಾಗ, ಹೊರ ಅಂಚಿನಲ್ಲಿ ಗೀರು ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಓಡುತ್ತದೆ. ಒಳಗೆ ಬಂದಂತೆ ಈ ವೇಗ ಅರ್ಧಕ್ಕೂ ಕಡಿಮೆಯಾಗುತ್ತದೆ. ಅಷ್ಟೇ ಸದ್ದನ್ನು ಕಡಿಮೆ ಜಾಗದಲ್ಲಿ ತುರುಕಬೇಕು, ಆದ್ದರಿಂದಲೇ ಕೊನೆಯ ಹಾಡಿನಲ್ಲಿ ತಾಳ, ಸಿಂಬಲ್ ಎಲ್ಲ ಒರಟಾಗುವುದು. 45ಕ್ಕೆ ಏರಿಸಿದರೆ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಜಾಗ ಸಿಗುತ್ತದೆ. ಬದಲಿಗೆ ಒಂದು ಎಲ್‌ಪಿ ಎರಡಾಗುತ್ತದೆ. ಹತ್ತು-ಹನ್ನೆರಡು ನಿಮಿಷಕ್ಕೊಮ್ಮೆ ನೀವು ಕುರ್ಚಿಯಿಂದ ಏಳಬೇಕು!

ನಿಜವಾದ ವ್ಯತ್ಯಾಸ ಇರುವುದು ಗೀರು ಕೊರೆದವರ ಕೈಯಲ್ಲಿ. 1969ರ 'ಲೆಡ್ ಜೆಪ್ಲಿನ್ 2' ನೋಡಿ. ಬಾಬ್ ಲುಡ್ವಿಗ್ ಎಂಬ ತರುಣ ಇಂಜಿನಿಯರ್ ಅದನ್ನು ಬಾಸ್ ಗುಡುಗುವಂತೆ ಕೊರೆದರು. ಅಗ್ಗದ ಪ್ಲೇಯರುಗಳಲ್ಲಿ ಸೂಜಿಯೇ ಹಾರತೊಡಗಿತು. ಕಂಪನಿ ಹೆದರಿ ಸಪ್ಪೆಯಾಗಿ ಮತ್ತೆ ಕೊರೆಸಿತು. ಲೇಬಲ್ ಪಕ್ಕದ ಖಾಲಿ ಪಟ್ಟಿಯಲ್ಲಿ 'ಆರ್‌ಎಲ್' ಎಂಬ ಅಕ್ಷರ ಕೆತ್ತಿರುವ ಆ ಮೊದಲ ತಟ್ಟೆಗೆ ಇವತ್ತು ಸಂಗ್ರಹಕಾರರು ಹತ್ತಾರು ಸಾವಿರ ರೂಪಾಯಿ ಸುರಿಯುತ್ತಾರೆ. ಹಾಡು ಅದೇ, ಕೈ ಬೇರೆ.

ಇನ್ನು ಟೇಪು. ಪ್ರತಿ ನಕಲಿಗೂ 'ಸುಯ್' ಎನ್ನುವ ಸದ್ದು ಸ್ವಲ್ಪ ಏರುತ್ತದೆ, ಮೇಲಿನ ಸ್ವರಗಳ ಮಿಂಚು ಸ್ವಲ್ಪ ಇಳಿಯುತ್ತದೆ. ಆಗೆಲ್ಲ ಹೊರದೇಶಕ್ಕೆ ಸಾಮಾನ್ಯವಾಗಿ ಹೋಗುತ್ತಿದ್ದುದು ಮೂಲ ಟೇಪಲ್ಲ, ಅದರ ನಕಲು. ಅಬಿಡ್ಸ್‌ನ ಭಾನುವಾರದ ಸಂತೆಯಲ್ಲಿ ಎಂದಾದರೂ ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆಯ ಹಳೆಯ ರಾಕ್ ತಟ್ಟೆ ಕೈಗೆ ಸಿಕ್ಕಿ, ಸದ್ದು ಮಂಕಾಗಿ ಕೇಳಿದರೆ, ನಿಮ್ಮ ಪ್ಲೇಯರನ್ನು ಬೈಯಬೇಡಿ.

ಹೀಗಾಗಿ 'ಮೂಲ ಟೇಪಿನಿಂದ' ಎಂಬ ಚೀಟಿಗೆ ಅಷ್ಟು ಬೆಲೆ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿ ಇದರಲ್ಲಿ ದೊಡ್ಡ ಹೆಸರು. 2016ರಲ್ಲಿ ಸ್ಯಾಂಟಾನಾದ 'ಅಬ್ರಾಕ್ಸಸ್'ನಿಂದ ಶುರುವಾದ ಅದರ 'ಒನ್ ಸ್ಟೆಪ್' ಮಾಲೆಯ ತಟ್ಟೆ ಮುಂದೆ 125 ಡಾಲರಿಗೂ ಮಾರಿತು. 2022ರಲ್ಲಿ ಅರಿಜೋನಾದ ಒಬ್ಬ ರೆಕಾರ್ಡ್ ಅಂಗಡಿಯವರು ಪ್ರಶ್ನೆ ಎತ್ತಿದ ಮೇಲೆ ಕಂಪನಿಯ ಇಂಜಿನಿಯರುಗಳು ನಿಜ ಹೇಳಿದರು: 2011ರಿಂದಲೇ ಅನೇಕ ಆಲ್ಬಂಗಳನ್ನು ಮೂಲ ಟೇಪಿನಿಂದ ಡಿಜಿಟಲ್ ಫೈಲಿಗೆ ಇಳಿಸಿಕೊಂಡು, ಆ ಫೈಲಿನಿಂದ ತಟ್ಟೆ ಕೊರೆಯಲಾಗುತ್ತಿತ್ತು! ಮೊಕದ್ದಮೆ ಬಿತ್ತು. ಮರುವರ್ಷ ಸುಮಾರು 2.5 ಕೋಟಿ ಡಾಲರಿನ ರಾಜಿ ಆಯಿತು.

ತಮಾಷೆಯೆಂದರೆ, ಡಿಜಿಟಲ್ ಎಂದರೆ ಮೂಗು ಮುರಿಯುವ ಪಂಡಿತರೇ ಹನ್ನೊಂದು ವರ್ಷ ಅದೇ ತಟ್ಟೆಗಳನ್ನು ಹೊಗಳಿದ್ದರು. ನನ್ನನ್ನು ಕೇಳಿದರೆ, ಡಿಜಿಟಲ್ ಹೆಜ್ಜೆ ತಪ್ಪಲ್ಲ, ಅದನ್ನು ಮುಚ್ಚಿಟ್ಟದ್ದು ತಪ್ಪು. ಐವತ್ತು ವರ್ಷದ ಟೇಪನ್ನು ಮತ್ತೆ ಮತ್ತೆ ಓಡಿಸಿದರೆ ಸವೆಯುವುದು ಆ ಟೇಪೇ ಅಲ್ಲವೇ?

ಟೇಪು ಉಳಿದಿರಬೇಕಲ್ಲ ಎನ್ನುವುದು ಇನ್ನೊಂದು ಕಥೆ. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು ಟೇಪುಗಳ ಉಗ್ರಾಣ ಸುಟ್ಟಿತು. ಮಡ್ಡಿ ವಾಟರ್ಸ್, ಚಕ್ ಬೆರಿ ಹಾಡಿದ ಚೆಸ್ ಕಂಪನಿಯ ಟೇಪುಗಳೂ ಅಲ್ಲಿದ್ದವೆಂದು ನ್ಯೂಯಾರ್ಕ್ ಟೈಮ್ಸ್ 2019ರಲ್ಲಿ ಬರೆಯಿತು. ನಷ್ಟ ಅಷ್ಟಿಲ್ಲವೆಂದು ಕಂಪನಿ ವಾದಿಸಿತು. ಸುಟ್ಟುಹೋದದ್ದಕ್ಕೆ ನಕಲೇ ಇನ್ನು ಮೂಲ. ನಮ್ಮಲ್ಲೂ ಹಾಗೇ: ಟೇಪು ಬರುವ ಮುಂಚಿನ 78ರ ಕನ್ನಡ ಹಾಡುಗಳನ್ನು ಮತ್ತೆ ಹೊರತರಬೇಕಾದರೆ, ಕಂಪನಿಯ ಲೋಹದ ಅಚ್ಚು ಉಳಿದಿರದಿದ್ದರೆ, ಯಾರದೋ ಅಟ್ಟದ ಮೇಲಿನ ತಟ್ಟೆಯೇ ಗತಿ. ನಿಮ್ಮ ತಾತನ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ.

ಕೊಳ್ಳುವವರು ಅಂಗಡಿಯಲ್ಲಿ ಮೂರು ಮಾತು ಕೇಳಿ: ಯಾವ ಟೇಪು, ಯಾರು ಕೊರೆದದ್ದು, ನಡುವೆ ಡಿಜಿಟಲ್ ಇದೆಯೇ. ಉತ್ತರ ಸಿಗದಿದ್ದರೆ ಎರಡು ಸಾವಿರದ್ದನ್ನೇ ತನ್ನಿ, ಉಳಿದ ಎಂಟು ಸಾವಿರದಲ್ಲಿ ಒಳ್ಳೆಯ ಸೂಜಿ ಕೊಳ್ಳಿ. ತಂದದ್ದನ್ನು ನೆಟ್ಟಗೆ ನಿಲ್ಲಿಸಿಡಿ. ನಮ್ಮ ಹೈದರಾಬಾದಿನ ಮೇ ತಿಂಗಳಲ್ಲಿ ಕಿಟಕಿ ಮುಚ್ಚಿದ ಕಾರಿನ ಹಿಂದಿನ ಸೀಟಿನಲ್ಲಿ ಅರ್ಧ ಗಂಟೆ ಬಿಟ್ಟರೆ, 180 ಗ್ರಾಂ ಆದರೂ ಅಷ್ಟೆ, ಹಪ್ಪಳ!